ಅರಸರ ಹೆಗಲಿಗೆ ಹೊರಟ ಶಂಖದ ಹುಳು

ಹಿಂದಿನ ಕಾಲದಲ್ಲಿ ಅರಸರು ಹೊದೆಯುವ ನೇರಳೆ ಶಲ್ಯಕ್ಕೆ ಬಣ್ಣ ಸಿಗುತ್ತಿದ್ದುದು ಕಡಲಿನ ಒಂದು ಜಾತಿಯ ಶಂಖದ ಹುಳುವಿನ ಒಡಲಿನಿಂದ. ಅಂಥದೊಂದು ಹುಳುವಿಗೆ ಈ ಸುದ್ದಿ ತಿಳಿದದ್ದೇ ತಡ, ಬಂಡೆಯ ಮೇಲಿನ ಬದುಕು ಸಪ್ಪೆಯೆನಿಸಿತು.

ಒಂದು ದಿನ ಬಣ್ಣಗಾರರು ಮೀನಿನ ತುಂಡು ಕಟ್ಟಿದ ಬುಟ್ಟಿಯೊಂದನ್ನು ಹಗ್ಗದಲ್ಲಿ ಕೆಳಗಿಳಿಸಿದರು. ನೆರೆಹೊರೆಯ ಹುಳುಗಳೆಲ್ಲ ತಿನ್ನಲು ನುಗ್ಗಿದವು. ಇದು ಮಾತ್ರ ಅರಮನೆಗೆ ಹೊರಟ ಮದುಮಗಳಂತೆ ಮೆಲ್ಲನೆ ಬುಟ್ಟಿಯ ಅಂಚಿಗೆ ಏರಿತು. ಅಲ್ಲಿ ಸತ್ತ ಶಂಖವೊಂದನ್ನು ಮನೆ ಮಾಡಿಕೊಂಡಿದ್ದ ಮುದಿ ಏಡಿ ಎದುರಾಯಿತು.

“ದಾರಿ ಬಿಡಿ, ಏಡಿಯಜ್ಜ. ಅರಸರ ಹೆಗಲೇರಲು ಹೊರಟಿದ್ದೇನೆ.”

“ಹೋಗು ತಾಯಿ, ತಡೆಯುವುದಿಲ್ಲ. ನನ್ನ ಮನೆಯನ್ನೊಮ್ಮೆ ನೋಡಿ ಹೋಗು. ಇದರ ಒಡತಿಯೂ ಅಲ್ಲಿಗೇ ಹೊರಟಿದ್ದಳು,” ಎಂದು ಏಡಿ ಬೆನ್ನು ತಿರುಗಿಸಿತು.

ತನ್ನದೇ ಜಾತಿಯ ಚಿಪ್ಪು. ನಡುವೆ ಸುತ್ತಿಗೆಯ ಏಟಿಗೆ ಒಡೆದ ತೂತು.

“ಅವಳೀಗ ಎಲ್ಲಿ?”

“ಬಣ್ಣ ಅರಮನೆಗೆ ಹೋಯಿತು. ಅವಳು ಹೋಗಲಿಲ್ಲ. ದಡದಲ್ಲಿ ಇಂಥ ಚಿಪ್ಪುಗಳ ಗುಡ್ಡವೇ ಇದೆ.”

ಅಷ್ಟರಲ್ಲಿ ಹಗ್ಗ ಬಿಗಿಯಿತು, ಬುಟ್ಟಿ ಅಲುಗಿತು. ಹುಳು “ಇಳಿಯಿರಿ, ಎಲ್ಲರೂ ಇಳಿಯಿರಿ!” ಎಂದು ಒಳಗಿದ್ದ ಹುಳುಗಳಿಗೆ ಕೂಗಿ, ತಾನೂ ಹಿಡಿತ ಬಿಟ್ಟಿತು. ಕೂಗು ಕೇಳಿದ ಮೂರು ಹುಳುಗಳು ಅದರ ಹಿಂದೆಯೇ ಮರಳಿಗೆ ಉದುರಿದವು. ಏಡಿಯೂ ಧೊಪ್ಪನೆ ಬಿತ್ತು. ಬುಟ್ಟಿ ಮೇಲೇರಿ ಮರೆಯಾಯಿತು.

ಮಗುಚಿ ಬಿದ್ದ ಹುಳು ತಡವರಿಸಿ ಎದ್ದು, ಬಂಡೆಗೆ ಮೈಯೊತ್ತಿ ಕೂತಿತು. ಒಡಲಿನ ಬಣ್ಣ ಒಡಲಲ್ಲೇ ಇತ್ತು. ನೆಮ್ಮದಿಯಿಂದ ಚಿಪ್ಪಿನ ಬಾಗಿಲು ಮುಚ್ಚಿಕೊಂಡಿತು.