ಕೂರಿಸುವ ಬಳೆ, ಏಳಿಸುವ ಬಳೆ

ಈ ಕತೆ ಸುಳ್ಳು ಅನ್ನುವ ಎದೆಗಾರಿಕೆ ಯಾರಿಗಾದರೂ ಇದ್ದರೆ ಈಗಲೇ ಎದ್ದು ನಿಂತು ಹೇಳಿಬಿಡಿ. ಇಲ್ಲವೆಂದರೆ ಬಾಯಿ ಮುಚ್ಚಿಕೊಂಡು ಬೆಂಕಿಗೆ ಇನ್ನೊಂದು ಕಟ್ಟಿಗೆ ತಳ್ಳಿ. ಯಾರೂ ಏಳಲಿಲ್ಲವಲ್ಲ? ಹಾಗಾದರೆ ಇದು ನಿಜ. ಮುಗಿಯಿತು ಆ ಮಾತು.

ಒಂದಾನೊಂದು ಊರಿನಲ್ಲಿ ಚಡಪಡರಾಯ ಅಂತ ಒಬ್ಬ ರಾಜ. ಬೇರೆ ರಾಜರೆಲ್ಲ ಸಿಂಹಾಸನದ ಮೇಲೆ ಕೂತರೆ ಇವನು ಡೊಳ್ಳಿನ ಸ್ವರದ ಮೇಲೆ ಕೂರುತ್ತಿದ್ದ. ಅದು ಆ ಮನೆತನದ ಪದ್ಧತಿ. ಬೆಳಿಗ್ಗೆ ಡೊಳ್ಳಿನವನು ಒಂದು ಪೆಟ್ಟು ಹಾಕಬೇಕು. ‘ಧುಮ್ಮ್’ ಅಂತ ಸ್ವರ ಏಳಬೇಕು. ರಾಜ ಪಂಚೆ ಸರಿಮಾಡಿಕೊಂಡು ಅದರ ಮೇಲೆ ಕೂರಬೇಕು. ಸ್ವರ ಇರುವಷ್ಟು ಹೊತ್ತು ರಾಜ ಏಳುವ ಹಾಗಿಲ್ಲ. ಸ್ವರ ಹೋದ ಮೇಲೆ ರಾಜ ಕೂರುವ ಹಾಗಿಲ್ಲ.

ಒಂದು ದಿನ ಮೋಡ ಮುಚ್ಚಿತು. ಥಂಡಿಗೆ ಡೊಳ್ಳಿನ ಚರ್ಮ ಮೆತ್ತಗಾಯಿತು. ಚರ್ಮವನ್ನು ಬಾಯಿಗೆ ಬಿಗಿದು ಹಿಡಿದಿದ್ದ ಬಿದಿರಿನ ಬಳೆ ಮೈ ಮುರಿದು ಆಕಳಿಸಿತು. ಸ್ವರ ಜಾರಿತು. ಮೇಲೆ ಕೂತಿದ್ದ ರಾಜ ದೊಪ್ಪನೆ ನೆಲಕ್ಕೆ ಬಿದ್ದ. ಬಿದ್ದದ್ದಕ್ಕಲ್ಲ, ಬಿದ್ದಾಗ ಅಡುಗೆಯವಳು ನಕ್ಕಳಲ್ಲ, ಅದಕ್ಕೆ ರಾಜನಿಗೆ ಸಿಟ್ಟು ಬಂತು. ಜಾರದ ಸ್ವರ ಸಿಗುವತನಕ ಇನ್ನು ಕೂರುವುದೇ ಇಲ್ಲ ಅಂದುಬಿಟ್ಟ. ರಾಜನೇ ನಿಂತಿರುವಾಗ ಪ್ರಜೆಗಳು ಕೂರುವುದುಂಟೇ? ಡಂಗುರ ಹೊಡೆಸಿದರು. ಊರಿಗೆ ಊರೇ ಎದ್ದು ನಿಂತಿತು.

ನಿಂತು ಉಂಡರು. ನಿಂತು ಜಗಳವಾಡಿದರು. ಅಜ್ಜಂದಿರು ಜೋಳದ ಚೀಲದ ಹಾಗೆ ಗೋಡೆಗೆ ಒರಗಿ ನಿದ್ದೆ ಹೊಡೆದರು. ಕೋಳಿಗಳು ಕಾವಿಗೆ ಕೂರುವಂತಿರಲಿಲ್ಲ. ಮೊಟ್ಟೆಗಳೇ ಒಂದರ ಮೇಲೊಂದು ಕೂತು ಕಾವು ಕೊಟ್ಟುಕೊಂಡವು. ಕೂತಿದ್ದಕ್ಕೆ ಮೊಟ್ಟೆಗಳಿಗೆ ದಂಡ ಬಿತ್ತು. ಇಡೀ ಊರು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ಭಾರ ಬದಲಿಸುತ್ತಾ ತೊಟ್ಟಿಲಿನ ಹಾಗೆ ತೂಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ತೂಗಿದವನು ಮಾಳಿಂಗ. ರಾಜನ ಡೊಳ್ಳಿನವನು ಅವನೇ. ಡೊಳ್ಳನ್ನು ಹೊಟ್ಟೆಗೆ ಕಟ್ಟಿಕೊಂಡು ನಿಂತರೆ ತಾನು ಹೊಡೆದ ಪೆಟ್ಟಿಗೆ ಗುಡುಗು ನಾಚಿಕೊಂಡು ಪಕ್ಕದ ಸೀಮೆಗೆ ಓಡಿಹೋಗುತ್ತದೆ ಅಂತ ಹೇಳಿಕೊಂಡು ತಿರುಗುವ ಆಸಾಮಿ. ಅವನಿಗೂ ಸೋದರಮಾವ ಗುಡದಪ್ಪನ ಮಗಳು ಹೊನ್ನವ್ವನಿಗೂ ಮದುವೆ ನಿಶ್ಚಯವಾಗಿತ್ತು. ಆದರೆ ಮದುಮಕ್ಕಳು ಹಸೆಮಣೆಯ ಮೇಲೆ ಕೂರಬೇಕಲ್ಲ! ಊರೇ ನಿಂತಿರುವಾಗ ಕೂರುವುದು ಹೇಗೆ? ನಿಂತು ಆದದ್ದು ಮದುವೆಯಲ್ಲ, ಸಂತೆ ಅಂತ ಗುಡದಪ್ಪ ಖಡಾಖಂಡಿತ ಹೇಳಿದ. ಪಕ್ಕದ ರಾಜ್ಯದಲ್ಲಿ ಚೆನ್ನಾಗಿ ಕೂರುವ ಹುಡುಗರಿದ್ದಾರೆ, ಬೇಗ ದಾರಿ ಹುಡುಕದಿದ್ದರೆ ಮಗಳನ್ನು ಅಲ್ಲಿಗೇ ಕೊಡುತ್ತೇನೆ ಅಂತಲೂ ಹೇಳಿದ.

ಮಾಳಿಂಗ ಅರಮನೆಗೆ ನಡೆದ. ಸ್ವರ ಜಾರದಂತೆ ಮಾಡಲು ತನಗೆ ಮೀಸೆ ತಿರುವುವಷ್ಟು ಹೊತ್ತು ಸಾಕು, ಆದರೆ ಅರ್ಧ ರಾಜ್ಯ ಕೊಡಬೇಕು ಅಂದ. ರಾಜ ಕಾಲು ಬದಲಿಸಿದ. ಆಯಿತು ಅಂದ. ಮತ್ತೆ ಕಾಲು ಬದಲಿಸಿದ.

ಮೊದಲು ಮಾಳಿಂಗ ಡೊಳ್ಳನ್ನು ಬೆಂಕಿಗೆ ಹಿಡಿದು ಕಾಯಿಸಿದ. ಹಗ್ಗ ಬಿಗಿದ. ‘ಧುಮ್ಮ್’ ಎಂದಿತು. ಆಹಾ, ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ ದುಂಡಗೆ, ಬೆಚ್ಚಗೆ. ಆದರೆ ರಾಜ ಪಂಚೆ ಸರಿಮಾಡಿಕೊಳ್ಳುವಷ್ಟರಲ್ಲಿ ಸ್ವರ ಇಳಿದು ಬಾಗಿಲು ದಾಟಿತ್ತು. ಮಾಳಿಂಗ ಬಿದಿರಿನ ಬಳೆಯ ಕಿವಿ ಹಿಂಡಿದ.

“ಯಾಕಲೇ ನಿನಗೆ ಈ ತಿರುಗಾಟ?”

“ಹುಟ್ಟಿದಾಗಿನಿಂದ ಮೆಳೆಯಲ್ಲಿ ಒಂದೇ ಕಡೆ ನಿಂತಿದ್ದೆ ಕಣಣ್ಣ,” ಅಂತು ಬಳೆ. “ಈಗಲಾದರೂ ನಾಲ್ಕು ಊರು ನೋಡಬೇಡವಾ? ನಾನು ಹೊರಟರೆ ಸ್ವರವೂ ಹೊರಡುತ್ತೆ. ಒಂಟಿಯಾಗಿ ಹೋಗೋಕೆ ನನಗೆ ಭಯ.”

ಮಾಳಿಂಗ ಯೋಚಿಸಿದ. ನಿಂತು ನಿಂತು ಬೇಸತ್ತದ್ದು ತಿರುಗುತ್ತದೆ. ಹಾಗಾದರೆ ತಿರುಗಿ ತಿರುಗಿ ಬೇಸತ್ತದ್ದು ನಿಲ್ಲಲೇಬೇಕು. ಇಂಥ ಯೋಚನೆ ಬೇರೆ ಯಾವ ತಲೆಗೂ ಹೊಳೆಯುವುದಿಲ್ಲ ಅಂತ ತನ್ನ ತಲೆಯನ್ನು ತಾನೇ ಸವರಿಕೊಂಡು ಕಮ್ಮಾರನ ಕುಲುಮೆಗೆ ಹೋದ. ಅಲ್ಲಿ ಹಿತ್ತಲಲ್ಲಿ ಹಳೇ ಎತ್ತಿನಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಬಿದ್ದಿತ್ತು. ದಾರಿಗಳನ್ನೆಲ್ಲ ತುಳಿದು ಸಾಕಾಗಿದೆ, ಇನ್ನು ಕೂದಲೆಳೆಯಷ್ಟೂ ಸರಿಯೋದಿಲ್ಲ, ನನ್ನ ತಂಟೆಗೆ ಬರಬೇಡ ಅಂತ ಅದು ಗೊಣಗಿತು. ಮಾಳಿಂಗ ಅದನ್ನು ತಬ್ಬಿಕೊಂಡ.

ಗಾಡಿ ಚಕ್ರಕ್ಕೆ ಪಟ್ಟಿ ಏರಿಸುವ ರೀತಿಯಲ್ಲೇ ಏರಿಸಿದರು. ಬೆರಣಿ ಒಟ್ಟಿ ಕೆಂಪಗೆ ಕಾಯಿಸಿದರು. ಚರ್ಮದ ಮೇಲೆ ಒದ್ದೆ ಗೋಣಿ ಹಾಸಿ, ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಡೊಳ್ಳಿನ ಬಾಯಿಗೆ ತೊಡಿಸಿ ನೀರು ಸುರಿದರು. ಚುಂಯ್ ಅಂತ ಕುಗ್ಗಿ ಕಚ್ಚಿಕೊಂಡಿತು. ಚಕ್ರ ದೊಡ್ಡದು, ಡೊಳ್ಳು ಚಿಕ್ಕದು ಅಂತ ಆ ಮೂಲೆಯಲ್ಲಿ ಯಾರೋ ಗುಸುಗುಸು ಅನ್ನುತ್ತಿದ್ದೀರಿ. ಅದು ಸವೆದೂ ಸವೆದೂ ಡೊಳ್ಳಿನ ಅಳತೆಗೇ ಬಂದಿತ್ತು. ಮುಂದೆ ಕೇಳಿ.

ಮಾಳಿಂಗ ಹೊಡೆದ. ‘ಠಣ್’ ಎಂದಿತು. ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಎಲ್ಲರ ಹಲ್ಲು ಜುಂ ಎಂದವು. ಬಿದಿರಿನ ಬೆಚ್ಚಗಿನ ದನಿ ಎಲ್ಲಿ, ಈ ಚೂಪು ದನಿ ಎಲ್ಲಿ! ಆದರೆ ಸ್ವರ ಮಾತ್ರ ಗೂಟ ಹೊಡೆದ ಹಾಗೆ ನಿಂತಿತು. ಮೋಡ ಬಂತು, ಅಲುಗಲಿಲ್ಲ. ಮಳೆ ಬಂತು, ಅಲುಗಲಿಲ್ಲ. ರಾಜ ಮೆಲ್ಲಗೆ ಕೂತ. ಊರು ಕೂತಿತು. ಕೋಳಿಗಳು ಕೂತವು.

ಕೂತವರು ಏಳಬೇಕಲ್ಲ? ಸ್ವರ ಹೋದರೆ ತಾನೇ ಏಳುವುದು! ಅದು ಹೋಗಲೇ ಇಲ್ಲ. ಹೆಂಗಸರು ಕೂತಲ್ಲಿಂದಲೇ ತೆವಳುತ್ತಾ ನೀರಿಗೆ ಹೋದರು. ಬಾವಿಗೆ ಬಗ್ಗಲಾರದೆ ತೆವಳುತ್ತಾ ಬಂದರು. ಕಳ್ಳನೊಬ್ಬ ಗೋಡೆಯ ಮೇಲೆ ಕೂತಿದ್ದವನು ಅಲ್ಲೇ ಉಳಿದ. ಮನೆಯವರು ಅವನಿಗೆ ಕೋಲಿನ ತುದಿಯಲ್ಲಿ ಊಟ ಕೊಟ್ಟರು. ರಾಜ ಕೂತಲ್ಲೇ ಕುದಿಯುತ್ತಿದ್ದ.

ಊರಿನಲ್ಲಿ ನಿಂತಿದ್ದವನು ಮಾಳಿಂಗ ಒಬ್ಬನೇ. ಹೊಟ್ಟೆಗೆ ಡೊಳ್ಳು ಕಟ್ಟಿದ್ದರೆ ಮೈ ಮಡಚುವುದಿಲ್ಲ. ಡೊಳ್ಳಿನ ಗಂಟು ಬೆನ್ನ ಹಿಂದೆ ಇರುತ್ತದೆ, ಇನ್ನೊಬ್ಬರು ಬಿಚ್ಚಬೇಕು. ಆ ಇನ್ನೊಬ್ಬರೆಲ್ಲ ಕೂತಿದ್ದಾರೆ, ಕೈ ನಿಲುಕುವುದಿಲ್ಲ. ಹಸೆಮಣೆ ಹಾಕಿದ್ದರು. ಹೊನ್ನವ್ವ ಒಬ್ಬಳೇ ಅದರ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮದುಮಗ ದೀಪದ ಕಂಬದ ಹಾಗೆ ನಿಂತಿದ್ದ.

“ಹುಡುಗಿ ಕೂತು ಹುಡುಗ ನಿಂತರೆ ಅದನ್ನ ಮದುವೆ ಅಂತಾರೇನಪ್ಪ?” ಅಂದ ಗುಡದಪ್ಪ. “ಪಕ್ಕದ ರಾಜ್ಯಕ್ಕೆ ಹೇಳಿ ಕಳಿಸ್ತೀನಿ. ಕಳಿಸೋಕೆ ಒಬ್ಬ ಎದ್ದರೆ ಸಾಕು.”

ಮಾಳಿಂಗ ಓಡಿದ. ಕಬ್ಬಿಣ ತೊಡಿಸುವಾಗ ಬಿಚ್ಚಿ ಎಸೆದಿದ್ದ ಬಿದಿರಿನ ಬಳೆ ಅಷ್ಟರಲ್ಲಿ ಹೆದರುತ್ತಲೇ ಮೂರನೇ ಊರಿಗೆ ಉರುಳಿತ್ತು. ಹಿಡಿದು ತಂದು ಡೊಳ್ಳಿನ ಇನ್ನೊಂದು ಬಾಯಿಗೆ ಹಾಕಿದ. ಆದರೆ ಎರಡು ಬಾಯಿಗೂ ಹಗ್ಗ ಒಂದೇ. ಕಬ್ಬಿಣ ಹಗ್ಗವನ್ನು ಜಗ್ಗಿ ಹಿಡಿಯಿತು. ಬಿದಿರು ಆ ಜಗ್ಗಾಟಕ್ಕೆ ಸೊಟ್ಟಗಾಗಿ ಕೋಳಿಮೊಟ್ಟೆಯಾಯಿತು. ಇದು ಓಡಬೇಕು ಅನ್ನುತ್ತದೆ, ಅದು ಬಿಡುವುದಿಲ್ಲ ಅನ್ನುತ್ತದೆ. ಇತ್ತ ಹೊಡೆದರೆ ಅತ್ತ ಕೆರಳುತ್ತದೆ. ಮಧ್ಯೆ ಹಗ್ಗ ಅಳುತ್ತಿತ್ತು.

ಮಾಳಿಂಗ ಪಂಚಾಯಿತಿ ಮಾಡಿದ. ಕಬ್ಬಿಣಕ್ಕೆ ಹೇಳಿದ: ನೀನು ತುಳಿದ ದಾರಿಗಳ ಕತೆ ಬಿದಿರಿಗೆ ಹೇಳು. ಬಿದಿರಿಗೆ ಹೇಳಿದ: ಕತೆ ನಡೆಯುವಾಗ ಕದಲಬೇಡ, ಮುಗಿದಾಗ ಒಂದು ಸುತ್ತು ಹೋಗಿ ಬಾ. ಕಬ್ಬಿಣದ ಕತೆ ಇಷ್ಟು ದಿನ ಕೇಳುವವರೇ ಇರಲಿಲ್ಲ, ಒಪ್ಪಿತು. ಬಿದಿರಿಗೆ ಊರು ನೋಡಿದ ಹಾಗೂ ಆಯಿತು, ಒಪ್ಪಿತು. ಕಬ್ಬಿಣದ ಕಡೆ ‘ಠಣ್’ ಅಂದರೆ ಎಲ್ಲರೂ ಕೂರಬಹುದು. ಬಿದಿರಿನ ಕಡೆ ‘ಧುಮ್ಮ್’ ಅಂದರೆ ಸ್ವರ ಜಾರಿ, ಎಲ್ಲರೂ ಏಳಬಹುದು.

ಚಡಪಡರಾಯನಿಗೆ ಹುಚ್ಚೇ ಹಿಡಿಯಿತು. ಠಣ್, ಕೂತ. ಧುಮ್ಮ್, ಎದ್ದ. ಇನ್ನೊಂದು ಸಲ ಅಂದ. ಮತ್ತೊಂದು ಸಲ ಅಂದ. ಊರೆಲ್ಲ ಕೂತು ಎದ್ದು, ಕೂತು ಎದ್ದು ಬಸವಳಿಯಿತು. ಮಾಳಿಂಗನ ಕೈಗೆ ಬಿಡುವಿಲ್ಲ. ಹಸೆಮಣೆ ಕಾಯುತ್ತಿತ್ತು, ಗುಡದಪ್ಪ ಪಕ್ಕದ ರಾಜ್ಯದ ಕಡೆಗೆ ಮುಖ ಮಾಡಿ ಚಪ್ಪಲಿ ಹುಡುಕುತ್ತಿದ್ದ. ಬೇರೆ ಯಾರಿಗಾದರೂ ಕೋಲು ಕೊಡು ಅಂದರು ನೆಂಟರು. ತನ್ನ ಡೊಳ್ಳನ್ನು ಇನ್ನೊಬ್ಬ ಮುಟ್ಟಿದರೆ ಆಕಾಶ ಕಳಚಿ ಬೀಳುತ್ತದೆ ಅಂತ ಮಾಳಿಂಗ ಗದರಿದ. ಠಣ್, ಧುಮ್ಮ್.

ಹೊನ್ನವ್ವ ಎದ್ದಾಗೊಮ್ಮೆ ಎರಡು ಹೆಜ್ಜೆ ಇಡುತ್ತಾ, ಕೂತಾಗ ಕಾಯುತ್ತಾ, ಕೊನೆಗೆ ಅವನ ಬೆನ್ನ ಹಿಂದಕ್ಕೆ ಬಂದಳು. ಗಂಟು ಬಿಚ್ಚಿದಳು.

“ಮಾವ, ಡೊಳ್ಳು ನೆಲಕ್ಕಿಡು. ಕೋಲು ನನಗೆ ಕೊಡು.”

“ಇದು ನನ್ನ ಹೊಟ್ಟೆ ಬಿಟ್ಟು ಎಲ್ಲೂ ನುಡಿಯೋದಿಲ್ಲ ಕಣೆ.”

“ಸರಿ, ಹೊಟ್ಟೆಯನ್ನೇ ಮದುವೆ ಮಾಡಿಕೊ. ನಾನು ಅಪ್ಪನ ಚಪ್ಪಲಿ ಹುಡುಕಿ ಕೊಡ್ತೀನಿ.”

ಮಾಳಿಂಗ ಆಕಾಶ ನೋಡಿದ. ಅದು ಗಟ್ಟಿಯಾಗಿಯೇ ಇತ್ತು. ಹೊನ್ನವ್ವನ ಮುಖ ನೋಡಿದ. ಅದು ಇನ್ನೂ ಗಟ್ಟಿಯಾಗಿತ್ತು. ಕೋಲು ಕೊಟ್ಟ.

ಅವಳು ಡೊಳ್ಳನ್ನು ಹಸೆಮಣೆಯ ಪಕ್ಕ ಮಲಗಿಸಿ ಠಣ್ ಎನ್ನಿಸಿದಳು. ರಾಜ ಕೂತ, ಊರು ಕೂತಿತು, ಮದುಮಕ್ಕಳು ಕೂತರು. ಅಕ್ಕಿಕಾಳು ಬಿತ್ತು, ಕೊರಳಿಗೆ ತಾಳಿ ಬಿತ್ತು. ಧುಮ್ಮ್ ಎನ್ನಿಸಿದಳು. ಎಲ್ಲರೂ ಎದ್ದು ಊಟಕ್ಕೆ ನಡೆದರು. ರಾಜ ಇನ್ನೊಂದು ಸಲ ಅಂದ. ಉಂಡಾದ ಮೇಲೆ ಅಂದಳು ಹೊನ್ನವ್ವ. ಹಾಗೆ ಅವನಿಗೆ ಯಾರೂ ಅಂದಿರಲಿಲ್ಲ. ಅವನು ಉಂಡ, ಮೊದಲ ಸಲ ನಿಧಾನವಾಗಿ.

ಆಮೇಲೆ ಮಾಳಿಂಗ ಮೀಸೆ ತಿರುವಿ ಅರ್ಧ ರಾಜ್ಯ ಕೇಳಿದ. ತನ್ನನ್ನು ಕೂರಿಸಿ ಏಳಿಸಿದ ಕೋಲು ಯಾರ ಕೈಯಲ್ಲಿದೆ ಅಂತ ರಾಜ ನೋಡಿದ. ಅರ್ಧ ರಾಜ್ಯವನ್ನು ಹೊನ್ನವ್ವನ ಹೆಸರಿಗೆ ಬರೆದ.

ನೀತಿ ಬೇಕೇನು? ಹೊಟ್ಟೆಗೆ ಕಟ್ಟಿದ್ದನ್ನು ಸಕಾಲಕ್ಕೆ ಬಿಚ್ಚಿಸಿಕೊಳ್ಳಿ, ಮೊಟ್ಟೆಗಳಿಗೆ ದಂಡ ಹಾಕಬೇಡಿ. ಅವರ ಡೊಳ್ಳು ಅಲ್ಲಿ ನುಡಿಯಲಿ, ನಮ್ಮ ಬೆಂಕಿ ಇಲ್ಲಿ ಉರಿಯಲಿ.

ಮಾಳಿಂಗನಿಗೆ ಕೊಟ್ಟದ್ದು ಡೊಳ್ಳು ಹೊರುವ ಕೆಲಸ ಮತ್ತು ಎರಡು ಹೊತ್ತಿನ ರೊಟ್ಟಿ.