ಬಾವಿಗೆ ಬೆನ್ನು ಹಾಕಿ ಕುಳಿತವನು

"ಗುರುಗಳೇ, ನನಗೆ ಬರುವುದು ಪಾಠ ಹೇಳುವುದೊಂದೇ. ಇನ್ನು ಮೇಲೆ ಪಾಠ ಹೇಳುವವರನ್ನು ನೋಡಿಕೊಳ್ಳಬೇಕಂತೆ. ಮಕ್ಕಳೇ ಎದುರಿಗಿಲ್ಲದ ಮೇಲೆ ನಾನು ಮಾಡುವುದಾದರೂ ಏನು?"

ಹೀಗೆ ಕೇಳಿದವನು ಚೆನ್ನಮಲ್ಲ. ಮಠದ ಶಾಲೆಯಲ್ಲಿ ತಲೆ ನರೆಯುವವರೆಗೆ ಪಾಠ ಹೇಳಿದವನು. ಸುತ್ತಲಿನ ಊರುಗಳಲ್ಲಿದ್ದ ಮಠದ ಶಾಲೆಗಳನ್ನೆಲ್ಲ ಈಗ ಅವನಿಗೆ ವಹಿಸಿದ್ದರು. ಮರುದಿನ ಬೆಳಿಗ್ಗೆ ಹೊರಡಬೇಕು. ಒಂದು ಶಾಲೆ ಕೆಟ್ಟರೆ ಒಂದು ಊರಿನ ಮಕ್ಕಳೆಲ್ಲ ಕೆಟ್ಟ ಹಾಗೆ ಎಂಬುದು ಅವನಿಗೆ ಗೊತ್ತಿತ್ತು. ಅವನಿಗೆ ಭಯವಾಗಿತ್ತು.

ಬಾಗಿಲಿಗೆ ಎದುರಾಗಿ ಹಾಕಿದ ಮರದ ಕುರ್ಚಿಯಲ್ಲಿ ಗುರುಗಳು ಕುಳಿತಿದ್ದರು. ಕೇಳಿ ನಕ್ಕರು. "ಏನಯ್ಯಾ, ಇಷ್ಟು ವರ್ಷ ಮಕ್ಕಳನ್ನು ಹೆದರಿಸಿದವನು ಈಗ ಮೇಷ್ಟರುಗಳಿಗೆ ಹೆದರುತ್ತೀಯಾ? ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಸೀಮೆಯಲ್ಲಿ ಒಬ್ಬ ಈಜುಗಾರನಿದ್ದ. ಊರಿನ ಮೆಟ್ಟಿಲು ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅವನ ಕೆಲಸ. ಮಗುವಿನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸುತ್ತಿದ್ದ. ಬುರುಡೆ ತೇಲಿಸುತ್ತದೆ, ಮಗು ಕೈಕಾಲು ಬಡಿಯುತ್ತದೆ. ಕೆಲವು ದಿನ ಕಳೆದ ಮೇಲೆ, ಮಗು ಈಜುತ್ತಿರುವಾಗಲೇ ಅವನು ಹಿಂದಿನಿಂದ ಹೋಗಿ ಸದ್ದಿಲ್ಲದೆ ಗಂಟು ಬಿಚ್ಚಿಬಿಡುತ್ತಿದ್ದ. ಮಗು ಆಚೆ ಮೆಟ್ಟಿಲು ಮುಟ್ಟಿ ತಿರುಗಿ ನೋಡಿದರೆ ಬುರುಡೆ ಬಾವಿಯ ನಡುವೆ ತೇಲುತ್ತಿರುತ್ತಿತ್ತು. ಆಗಿನ ಮಗುವಿನ ಮುಖ ನೋಡುವುದೆಂದರೆ ಅವನಿಗೆ ಹಬ್ಬ.

ಆ ಸೀಮೆಯ ಒಡೆಯ ಊರೂರಿನ ಬಾವಿಗೂ ಒಬ್ಬ ಕಲಿಸುವವನನ್ನು ನೇಮಿಸಿ, ಅವರೆಲ್ಲರ ಮೇಲೆ ಈ ಈಜುಗಾರನನ್ನು ಇಟ್ಟ. ಈಜುಗಾರ ಊರಿಂದೂರಿಗೆ ಹೋಗುತ್ತಿದ್ದ. ಬಾವಿಯ ಕಟ್ಟೆಯ ಮೇಲೆ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಯಾವುದಾದರೂ ಮಗು ತಡವರಿಸಿದರೆ ಸಾಕು, ಕಲಿಸುವವನಿಗಿಂತ ಮೊದಲು ಇವನೇ ನೀರಿನಲ್ಲಿರುತ್ತಿದ್ದ. ಜನ ಹೊಗಳಿದರು. ಹೊಗಳಿಕೆ ಯಾರಿಗೆ ಬೇಡ? ಇವನೂ ಹಿಗ್ಗಿದ.

ಒಂದು ಊರಿನಲ್ಲಿ ಒಬ್ಬ ಹುಡುಗಿಯ ಬೆನ್ನಿನ ಗಂಟು ಸಡಿಲವಾಗಿ ಬುರುಡೆ ಕಳಚಿಕೊಂಡಿತು. ಹುಡುಗಿ ಮುಳುಗಿದಳು. ಕಲಿಸುವವನು ಅವಳಿಂದ ಮಾರು ದೂರದಲ್ಲೇ ಇದ್ದ. ಆದರೂ ಅವನು ಅವಳ ಕಡೆ ಹೋಗಲಿಲ್ಲ. ತಲೆಯೆತ್ತಿ, ಕಟ್ಟೆಯ ಮೇಲಿದ್ದ ಈಜುಗಾರನ ಮುಖ ನೋಡಿದ. ಈಜುಗಾರ ಮೇಲಿನಿಂದ ಹಾರಿ ಹುಡುಗಿಯನ್ನು ಎತ್ತಿ ತಂದ. ಕುಡಿದ ನೀರು ಕಕ್ಕಿ ಅವಳು ಉಳಿದುಕೊಂಡಳು. ಊರವರು ಈಜುಗಾರನ ಕಾಲಿಗೆ ಬಿದ್ದರು.

ಈಜುಗಾರನಿಗೆ ಮಾತ್ರ ಆ ದಿನ ಊಟ ಸೇರಲಿಲ್ಲ. ಅಷ್ಟು ಹತ್ತಿರವಿದ್ದವನು ನನ್ನ ಮುಖ ಏಕೆ ನೋಡಿದ? ಹೇಡಿಯೇ? ಅಲ್ಲ, ತುಂಬಿದ ಹೊಳೆ ದಾಟುವವನು. ಸೋಮಾರಿಯೇ? ಅದೂ ಅಲ್ಲ. ಮತ್ತೇನು?

ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಅವನು ಮಕ್ಕಳನ್ನು ನೋಡುವುದು ಬಿಟ್ಟು ಕಲಿಸುವವರನ್ನು ನೋಡತೊಡಗಿದ. ಎಲ್ಲ ಬಾವಿಗಳಲ್ಲೂ ಅದೇ ಕತೆ. ಮಗು ತಡವರಿಸಿದಾಗ ಅವರ ಕಣ್ಣು ಮೊದಲು ಕಟ್ಟೆಗೆ ಬರುತ್ತಿತ್ತು, ಆಮೇಲೆ ಮಗುವಿನ ಕಡೆಗೆ. ಕುತೂಹಲ ತಡೆಯಲಾರದೆ, ಯಾರಿಗೂ ಹೇಳದೆ, ಹುಡುಗಿ ಮುಳುಗಿದ್ದ ಆ ಊರಿಗೆ ಮತ್ತೆ ಹೋದ. ಬಾವಿಯ ಪಕ್ಕದ ಹುಣಸೆಮರದ ಮರೆಯಲ್ಲಿ ಕಳ್ಳನ ಹಾಗೆ ನಿಂತ. ನೀರಿನಲ್ಲಿ ಒಂದು ಮಗು ತಡವರಿಸಿತು. ಅದೇ ಕಲಿಸುವವನು ಅತ್ತ ಇತ್ತ ನೋಡದೆ ಒಂದೇ ನೆಗೆತಕ್ಕೆ ಮಗುವನ್ನು ಹಿಡಿದ.

ಮರದ ಮರೆಯಲ್ಲಿದ್ದವನಿಗೆ ಸಂತೋಷವಾಯಿತು, ನಾಚಿಕೆಯೂ ಆಯಿತು. ಕಲಿಸುವವರ ಬೆನ್ನಿಗೆ ಕಟ್ಟಿಕೊಂಡಿದ್ದ ಬುರುಡೆ ತಾನೇ ಎಂದು ಅವನಿಗೆ ಆಗ ಗೊತ್ತಾಯಿತು.

ಹಾಗೆಂದು ಬಾವಿಗೆ ಹೋಗದೆ ಮನೆಯಲ್ಲಿ ಕೂರುವಂತೆಯೂ ಇಲ್ಲ. ಹಗ್ಗ ಸವೆದಿದೆಯೇ, ಬುರುಡೆ ಬಿರುಕು ಬಿಟ್ಟಿದೆಯೇ, ಮೆಟ್ಟಿಲಿಗೆ ಪಾಚಿ ಹಿಡಿದಿದೆಯೇ ಎಂದು ನೋಡುವವರು ಬೇಕಲ್ಲ. ಅಂದಿನಿಂದ ಅವನು ಬಾವಿಗೆ ಹೋದೊಡನೆ ಇವನ್ನೆಲ್ಲ ಕೈಯಿಂದ ಮುಟ್ಟಿ ನೋಡುತ್ತಿದ್ದ. ಮಕ್ಕಳು ನೀರಿಗಿಳಿಯುವ ಹೊತ್ತಿಗೆ ಸರಿಯಾಗಿ ಬಾವಿಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದ.

ಜನ ರೇಗಿದರು. "ಏನ್ ಸ್ವಾಮಿ, ನೋಡ್ಕೊಳ್ಳಿ ಅಂತ ಇಟ್ರೆ ತಿರುಗಿ ಕೂತಿದ್ದೀರಲ್ಲ! ನೀರಲ್ಲಿರೋದು ನಮ್ಮ ಮಕ್ಳು!" ಎಂದು ಒಬ್ಬ ತಾಯಿ ಕೂಗಾಡಿದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ತಾನು ಮಾಡುತ್ತಿರುವುದು ಸರಿಯೇ ಎಂದು ಈಜುಗಾರನಿಗೂ ಇನ್ನೂ ಗೊತ್ತಿರಲಿಲ್ಲ.

ಅವಳು ಕೂಗಾಡುತ್ತಿದ್ದಂತೆಯೇ ಅವನ ಬೆನ್ನ ಹಿಂದೆ, ಬಾವಿಯಲ್ಲಿ, ಅವಳದೇ ಮಗು ಚೀರಿತು. ಆಮೇಲೆ ಸದ್ದಿಲ್ಲ. ಈಜುಗಾರನ ಮೈಯೆಲ್ಲ ತಿರುಗು, ತಿರುಗು ಎಂದಿತು. ಅವನು ಕಟ್ಟೆಯ ಕಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಧುಮುಕಿದ ಸದ್ದು ಕೇಳಿತು. ಆಮೇಲೆ ಕೆಮ್ಮು, ಅಳು.

ಕಲಿಸುವವನು ಮಗುವನ್ನು ತಾಯಿಯ ಕೈಗಿಟ್ಟು, ಮೈಯಿಂದ ನೀರು ಸುರಿಯುತ್ತಿರುವಾಗಲೇ ಈಜುಗಾರನ ಮುಂದೆ ಬಂದು ನಿಂತ.

"ನೋಡಿದ್ರಾ?"

"ಇಲ್ಲಪ್ಪ. ಏನಾಯ್ತು, ಹೇಳು."

ಅವನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಹೇಳುತ್ತ ಹೇಳುತ್ತ ಅವನ ಮುಖ, ಆಚೆ ಮೆಟ್ಟಿಲು ಮುಟ್ಟಿ ತಿರುಗಿ ನೋಡಿದ ಮಗುವಿನ ಮುಖದ ಹಾಗೆಯೇ ಆಯಿತು. ಈಜುಗಾರ ಅದನ್ನು ಕಣ್ತುಂಬ ನೋಡಿದ.

ಗುರುಗಳು ಕತೆ ಮುಗಿಸಿದರು. ಚೆನ್ನಮಲ್ಲ, "ಧುಮುಕಿದ ಸದ್ದು ಕೇಳಿಸದೇ ಹೋಗಿದ್ದರೆ?" ಎಂದ.

"ಈಜುಗಾರನೇ ಧುಮುಕುತ್ತಿದ್ದ. ಅವನು ಬೆನ್ನು ಹಾಕಿದ್ದ, ಕಿವಿ ಮುಚ್ಚಿಕೊಂಡಿರಲಿಲ್ಲ."

ಚೆನ್ನಮಲ್ಲನ ಮನಸ್ಸು ಹಗುರಾಯಿತು. ನಮಸ್ಕಾರ ಮಾಡಿ ಎದ್ದ. ಬಾಗಿಲವರೆಗೆ ಹೋದವನು ಏನೋ ನೆನಪಾದಂತೆ ತಿರುಗಿ ಬಂದ.

"ಎಲ್ಲ ತಿಳಿಯಿತು, ಗುರುಗಳೇ. ಆದರೂ ಒಂದು ಮಾತು. ಯಾವ ಶಾಲೆಯಲ್ಲಿ ಏನೇ ತೊಡಕು ಬರಲಿ, ನಾನು ಮೊದಲು ಇಲ್ಲಿಗೆ ಬಂದು ತಮ್ಮನ್ನು ಕೇಳುತ್ತೇನೆ. ತಾವು ಹೇಳಿದಂತೆಯೇ ಮಾಡುತ್ತೇನೆ."

ಗುರುಗಳು ಕುರ್ಚಿಯಿಂದ ಎದ್ದು ನಿಂತರು.

"ಹೋಗುವ ಮೊದಲು ಈ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಹೋಗು."