ಸಾಹೇಬರ ನಿದ್ದೆ ಎಲ್ಲಿಗೆ ಬಂತು?

ಬಹಳ ಹಿಂದಿನದೇನಲ್ಲ, ಮೊನ್ನೆ ಮೊನ್ನೆಯ ಮಾತು. ಮೈಸೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಪಂಚಾಕ್ಷರಿ ಎಂಬ ಮ್ಯಾನೇಜರ್ ಸಾಹೇಬರಿದ್ದರು. ಗಳಿಗೆಗೊಮ್ಮೆ ಬಂದು "ಎಲ್ಲಿಗೆ ಬಂತು? ಎಷ್ಟು ಪರ್ಸೆಂಟ್ ಆಯ್ತು?" ಎನ್ನುವುದೇ ಅವರ ಆಡಳಿತ. ಶುಕ್ರವಾರದೊಳಗೆ ಕೆಲಸ ಮುಗಿಯದಿದ್ದರೆ ಟೀಮನ್ನೇ ಚದುರಿಸುತ್ತೇವೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಪ್ರೋಗ್ರಾಮರ್ ಮಂದಾಕಿನಿಯ ತಲೆಯಲ್ಲಿ ಲೆಕ್ಕಾಚಾರ ಎಳೆ ಎಳೆಯಾಗಿ ಹೆಣೆದುಕೊಳ್ಳುವಷ್ಟರಲ್ಲಿ ಸಾಹೇಬರ ದನಿ ಕೇಳುತ್ತಿತ್ತು. ಎಳೆಯೆಲ್ಲ ಹರಿದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಸಾಹೇಬರು ಮೊಸರನ್ನ ಉಂಡು ಕುರ್ಚಿಗೊರಗಿದರು. ಕಿಟಕಿಯಾಚೆ ಹೊಂಗೆಯ ಹೂ ಸದ್ದಿಲ್ಲದೆ ಉದುರುತ್ತಿತ್ತು. ಫ್ಯಾನು ಜೋಗುಳ ಹಾಡುತ್ತಿತ್ತು. ಕಣ್ಣು ಮುಚ್ಚಿತೋ ಇಲ್ಲವೋ, ಮಂದಾಕಿನಿ ಬಾಗಿಲು ತಟ್ಟಿದಳು.

"ಸಾರ್, ನಿದ್ದೆ ಎಲ್ಲಿಗೆ ಬಂತು?"

ಸಾಹೇಬರು ಬೆಚ್ಚಿ ಎದ್ದರು, ಗದರಿ ಕಳಿಸಿದರು, ಮತ್ತೆ ಒರಗಿದರು. ಹೊಂಗೆಯ ನೆರಳು ರೆಪ್ಪೆಯ ಮೇಲೆ ತಣ್ಣಗೆ ಇಳಿಯಿತು. ಮತ್ತೆ ಟಕಟಕ.

"ಎಷ್ಟು ಪರ್ಸೆಂಟ್ ಆಯ್ತು ಸಾರ್? ಉಳಿದ ನಿದ್ದೆ ಎಷ್ಟೊತ್ತಿಗೆ ಮುಗಿಯುತ್ತೆ?"

"ಅಯ್ಯೋ, ಈಗಷ್ಟೇ ಜೊಂಪು ಹತ್ತಿತ್ತಲ್ಲಮ್ಮಾ! ಹೀಗೆ ಎಬ್ಬಿಸ್ತಾ ಇದ್ರೆ ಪ್ರತಿಸಲ ಮೊದಲಿಂದ ಶುರು ಮಾಡಬೇಕು!"

"ನಮ್ಮ ಕೆಲಸದ್ದೂ ಅದೇ ಪಾಡು ಸಾರ್."

ಸಾಹೇಬರು ಬೈಯಲು ಬಾಯಿ ತೆರೆದರು. ಬೈಗುಳ ಬರಲಿಲ್ಲ, ಆಕಳಿಕೆ ಬಂತು. ಆ ಸಂಜೆ ಟೀಮಿನ ಕೋಣೆಯತ್ತ ಸುಳಿಯಲೇ ಇಲ್ಲ.

ಮರುದಿನ ಮೇಲಿನವರ ಫೋನು ಬಂತು. "ಏನ್ರೀ, ನಿಮ್ಮ ಟೀಮಿನ ಕೆಲಸ ಎಲ್ಲಿಗೆ ಬಂತು?"

ಸಾಹೇಬರು ಟೀಮಿನ ಕೋಣೆಯತ್ತ ಇಣುಕಿದರು. ಎಲ್ಲರ ಬೆರಳುಗಳೂ ಕೀಬೋರ್ಡಿನ ಮೇಲೆ ಓಡುತ್ತಿದ್ದವು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಫೋನಿನಲ್ಲಿ ಪಿಸುಗುಟ್ಟಿದರು:

"ಮೆಲ್ಲಗೆ ಮಾತಾಡಿ ಸಾರ್. ಈಗಷ್ಟೇ ಜೊಂಪು ಹತ್ತಿದೆ."